ಕೊನೆಗೆ ಮದುವೆಯೇ ಯಾಕೆ?

ಹಳೆ ಅಮೆರಿಕನ್ ರೊಮ್ಯಾನ್ಸ್ ಕಾಮಿಕ್ಸ್‌ನಲ್ಲಿ ಹುಡುಗಿ ಕೆಲಸ, ಕನಸು ಎಲ್ಲ ಬಿಟ್ಟು ಕೊನೆಗೆ ಮದುವೆಗೇ ಯಾಕೆ ಒಪ್ಪುತ್ತಾಳೆ ಅಂತ ಕೇಳಿದ್ದೀರಿ. ಒಂದು ದೊಡ್ಡ ಕಾರಣ 1954ರ ಕಾಮಿಕ್ಸ್ ಕೋಡ್, ಅಂದರೆ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಗಳ ಪಟ್ಟಿ. ಪ್ರೇಮಕಥೆಗಳು ಮನೆ-ಸಂಸಾರದ ಮಹತ್ವ, ಮದುವೆಯ ಪಾವಿತ್ರ್ಯವನ್ನು ಎತ್ತಿ ಹಿಡಿಯಬೇಕು, ವಿಚ್ಛೇದನ ಬೇಕಾದ್ದು ಅನ್ನುವ ಹಾಗೆ ತೋರಿಸಬಾರದು ಅಂತ ಅದರಲ್ಲೇ ಬರೆದಿತ್ತು. ಮುಖಪುಟದ ಮೂಲೆಯಲ್ಲಿ ಅಂಚೆಚೀಟಿಯಂಥ ಮುದ್ರೆ ಇರುತ್ತಿತ್ತಲ್ವಾ, ಅದು ಈ ಕೋಡ್‌ನದೇ. ಅದಿಲ್ಲದ ಪುಸ್ತಕವನ್ನು ಎಷ್ಟೋ ವಿತರಕರು ಮುಟ್ಟುತ್ತಿರಲಿಲ್ಲ.

ಹಾಗಂತ ಎಲ್ಲವನ್ನೂ ಕೋಡ್ ತಲೆಗೆ ಕಟ್ಟಬೇಡಿ. 1947ರಲ್ಲಿ ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಕಾಮಿಕ್ಸ್ ಕಲಾವಿದರು ‘ಯಂಗ್ ರೊಮ್ಯಾನ್ಸ್’ ಅನ್ನುವ ಪ್ರೇಮಕಥೆಗಳ ಕಾಮಿಕ್ಸ್ ಶುರು ಮಾಡಿದ ಕಾಲದಲ್ಲೂ ಕಥೆಗಳು ಮದುವೆ ಕಡೆಗೇ ವಾಲುತ್ತಿದ್ದವು. ಆದರೆ ಆಗ ಹುಡುಗಿಗೆ ತಪ್ಪು ಮಾಡಲು ಜಾಸ್ತಿ ಜಾಗ ಇತ್ತು. ಸುಳ್ಳು ಹೇಳುತ್ತಿದ್ದಳು, ದುಡ್ಡಿಗೆ ಆಸೆಪಡುತ್ತಿದ್ದಳು, ಅಪ್ಪನಿಗೆ ಎದುರು ನಿಲ್ಲುತ್ತಿದ್ದಳು. ಅದನ್ನೆಲ್ಲ ‘ನಾನು ಹೀಗೆ ಮಾಡಿದೆ’ ಅಂತ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಿದ್ದಳು.

ನನಗಂತೂ ಕೊನೆ ಪುಟಕ್ಕಿಂತ ನಡುವಿನ ಪುಟಗಳೇ ಇಷ್ಟ. ಕಣ್ಣಂಚಿಗೆ ಬಂದು ನಿಂತ ಒಂದು ಹನಿ, ತಲೆ ಮೇಲೆ ಯೋಚನೆಯ ಗುಳ್ಳೆ. ಅವಳು ಇನ್ನೂ ಒಪ್ಪಿರುವುದಿಲ್ಲ. ಆ ಚೌಕಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ.