ನೀರುಗಂಟಿ ಮಗಳು, ಕೊಳಚೆ ನೀರಿನ ಡಿಗ್ರಿ

ಹೆಸರು ಬದಲಾಯಿಸಿದೀನಿ, ಕಾಲೇಜು ಯಾವ್ದು ಅಂತ ಹೇಳಲ್ಲ, ಕೋಲಾರ ಜಿಲ್ಲೆ ಅನ್ನೋದು ಮಾತ್ರ ನಿಜ, ಅದನ್ನ ಮುಚ್ಚಿಟ್ರೆ ಈ ಕೇಸೇ ಅರ್ಥ ಆಗಲ್ಲ. ಮುಂದೇನು ಓದ್ಲಿ ಅಂತ ಸಲಹೆ ಕೇಳೋಕೆ ನನ್ನ ಹತ್ರ ಬಂದ ಹುಡುಗೀನ ರೇಖಾ ಅಂತ ಇಟ್ಕೊಳ್ಳಿ. ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್, ಐದನೇ ಸೆಮಿಸ್ಟರ್. ಸಿಇಟಿ ರ್‍ಯಾಂಕಿಗೆ ಸಿಎಸ್ ಸಿಗ್ಲಿಲ್ಲ, ಸಿಕ್ಕಿದ್ದು ತಗೊಂಡ್ಲು, ಎರಡು ವರ್ಷ ಒಂದೂ ಬ್ಯಾಕ್ ಇಲ್ದೆ ಪಾಸೂ ಆದ್ಲು, ಈಗ ಬಂದು ಎಲ್ಲಾ ಬಿಟ್ಟು ಬೆಂಗಳೂರಲ್ಲಿ ಪಿಜಿ ರೂಮ್ ಮಾಡ್ಕೊಂಡು ಜಾವಾ ಕೋರ್ಸ್ ಸೇರ್ತೀನಿ ಮೇಡಂ ಅಂತಾಳೆ.

ಜೊತೆಗೆ ಅಪ್ಪ ಬಂದಿದ್ರು. ಪಂಚಾಯ್ತಿ ನೀರುಗಂಟಿ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡೋ ಕೆಲಸ. ಅಂಗಿ ಜೇಬಲ್ಲಿ ಪೆನ್ ಇರೋ ಜಾಗದಲ್ಲಿ ಟೆಸ್ಟರ್ ಸಿಗಿಸ್ಕೊಂಡಿದ್ರು.

ಮೊದಲ ಸಿಟ್ಟಿಂಗಲ್ಲಿ ನಾನು ಮಾಡಿದ್ದು ತಪ್ಪೇ, ಒಪ್ಕೋತೀನಿ. ಸ್ಕೋಪ್ ಇದೆ ಕಣಮ್ಮ ಅಂತ ಶುರು ಮಾಡಿ ಅರ್ಧ ಗಂಟೆ ಪಟ್ಟಿ ಓದಿದೆ, ಅವಳು ಫ್ಯಾನ್ ನೋಡ್ತಾ ಕೂತಿದ್ಲು. ಎದ್ದು ಹೋಗೋವಾಗ ಬಾಗಿಲ ಹತ್ರ ನಿಂತು ಒಂದು ಮಾತು ಅಂದ್ಲು. ಗೌರಿ ಹಬ್ಬದಲ್ಲಿ ಎಲ್ಲರ ಮುಂದೆ ಸೋದರಮಾವ ಅಂದ್ರಂತೆ, "ಅಪ್ಪ ಕುಡಿಯೋ ನೀರಾದ್ರೂ ಬಿಡ್ತಾನೆ, ಮಗಳು ಇಂಜಿನಿಯರಿಂಗ್ ಓದಿ ಚರಂಡಿ ನೀರು ಬಿಡ್ತಾಳೆ". ಜಾವಾ ಎಲ್ಲಿಂದ ಬಂತು ಅಂತ ನನಗೆ ಆಗ ಗೊತ್ತಾಯ್ತು.

ಎರಡನೇ ಸಲ ಅವಳನ್ನ ಏನೂ ಕೇಳ್ಲಿಲ್ಲ. ಅಪ್ಪನ್ನ ಕೇಳಿದೆ, ಯಜಮಾನ್ರೇ ನಿಮ್ಮೂರ ಕೆರೆಗೆ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬಂತಾ ಅಂತ. ಅಷ್ಟೊತ್ತು ಸುಮ್ನಿದ್ದ ಮನುಷ್ಯ ನಿಲ್ಸಲೇ ಇಲ್ಲ. ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಜಿಲ್ಲೆ, ಬೋರು ಸಾವಿರದಿನ್ನೂರು ಅಡಿಗೆ ಇಳಿದಿದ್ದು, ಮೋಟ್ರು ಎತ್ತೋಕೆ ದಿನಗಟ್ಲೆ ಆಗ್ತಿದ್ದಿದ್ದು, ಆಮೇಲೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸೋ ಈ ಕೆಸಿ ವ್ಯಾಲಿ ಯೋಜನೆ ಬಂದಿದ್ದು, 2018ರಲ್ಲಿ ಹೊಸದಾಗಿ ನೀರು ಬಿಟ್ಟಾಗ ನೊರೆ ಎದ್ದು ಗಲಾಟೆ ಆಗಿ ಹೈಕೋರ್ಟ್‌ವರೆಗೂ ಹೋಗಿದ್ದು. ಕೊನೆಗೆ, "ಬೋರಲ್ಲಿ ನೀರು ಮೇಲೆ ಬಂತು ಮೇಡಂ, ಆದ್ರೆ ಬೇಸಿಗೇಲಿ ಕೆರೆ ಯಾಕೆ ಹಂಗೆ ಹಸ್ರುಗಟ್ಟುತ್ತೋ ಗೊತ್ತಿಲ್ಲ" ಅಂದ್ರು.

ರೇಖಾ ಮೊಬೈಲಿಂದ ತಲೆ ಎತ್ತದೇನೇ, "ಅಪ್ಪಾ ಅದು ಸೆಕೆಂಡರಿ ಟ್ರೀಟ್‌ಮೆಂಟ್ ಅಷ್ಟೇ, ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡ್ತಾರೆ, ನೈಟ್ರೋಜನ್ನು ಫಾಸ್ಫರಸ್ಸು ಪೂರ್ತಿ ಹೋಗಲ್ಲ, ಅದೇ ಪಾಚಿಗೆ ಗೊಬ್ಬರ" ಅಂದ್ಲು. ಅಪ್ಪ ಅವಳ ಮುಖಾನೇ ನೋಡ್ತಾ ಕೂತ್ರು. ಮನೇಲಿ ಈ ಮಾತು ಒಂದಿನಾನೂ ಬಂದಿರ್ಲಿಲ್ವಂತೆ.

ಆಮೇಲೇನೇ ನಾನು ಸಲಹೆ ಅಂತ ಬಾಯಿ ಬಿಟ್ಟಿದ್ದು. ಕೆಟ್ಟ ಸುದ್ದಿ ಮೊದಲು ಹೇಳಿದೆ. ಈ ಬ್ರಾಂಚಿನ ಕೆಲಸ ಕ್ಯಾಂಪಸ್ಸಿಗೆ ಬಸ್ ಹಿಡ್ಕೊಂಡು ಬರಲ್ಲ, ಶುರುವಿನ ಸಂಬಳ ಸಾಫ್ಟ್‌ವೇರ್ ಹುಡುಗರಷ್ಟು ಇರಲ್ಲ, ಪ್ಲಾಂಟಲ್ಲಿ ವಾಸನೆ ಇರುತ್ತೆ. ಪರಿಸರ ಅಭಿಯಂತರ ಹುದ್ದೆ ನಗರಸಭೆ ಪುರಸಭೆಗಳಲ್ಲಿದೆ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲೂ ಇಂಜಿನಿಯರ್ ತಗೋತಾರೆ, ಆದ್ರೆ ಯಾವಾಗ ಕರೀತಾರೋ ದೇವರಿಗೇ ಗೊತ್ತು, ಕರೆದಾಗ ಬರಿ, ಅದನ್ನೇ ಕಾಯ್ತಾ ಮನೇಲಿ ಕೂರಬೇಡ. ಎಷ್ಟೋ ನೋಟಿಫಿಕೇಶನ್‌ಗಳಲ್ಲಿ ಸಿವಿಲ್ ಅಂತ ಮಾತ್ರ ಇರುತ್ತೆ, ಫೀಸ್ ಕಟ್ಟೋಕ್ ಮುಂಚೆ ನಿನ್ನ ಡಿಗ್ರಿ ಆಗುತ್ತಾ ನೋಡು.

ಈಗ ಕೆಲಸ ಎಲ್ಲಿದೆ ಅಂದ್ರೆ, ಬೆಂಗಳೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಲ್ಲೆಲ್ಲಾ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಇದೆ, ಅದನ್ನ ಡಿಸೈನ್ ಮಾಡೋರು ನಡ್ಸೋರು ಬೇಕು. ಬಟ್ಟೆ ಬಣ್ಣ ಹಾಕೋ ಕಡೆ, ಔಷಧಿ ಫ್ಯಾಕ್ಟರಿ ಕಡೆ ಇಟಿಪಿ (ಕಾರ್ಖಾನೆ ತ್ಯಾಜ್ಯ ನೀರು ಶುದ್ಧ ಮಾಡೋ ಘಟಕ), ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ಕೆಲಸ. 2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಗಣಿ, ಹೈವೇ, ದೊಡ್ಡ ಕಟ್ಟಡಕ್ಕೆಲ್ಲ ಮೊದಲೇ ಪರಿಸರ ಅನುಮತಿ ಬೇಕು, ಅದಕ್ಕೆ ರಿಪೋರ್ಟ್ ಬರೆಯೋ ಕನ್ಸಲ್ಟೆನ್ಸಿಗಳು ಬೇರೆ. ಇಎಸ್‌ಜಿ (ಕಂಪನಿ ಪರಿಸರ, ಸಮಾಜ, ಆಡಳಿತದ ವಿಷಯದಲ್ಲಿ ಹೇಗಿದೆ ಅನ್ನೋ ಲೆಕ್ಕ) ಅಂತ ಇತ್ತೀಚೆಗೆ ಒಂದು ಗಾಳಿ ಎದ್ದಿದೆ, ಷೇರುಪೇಟೆ ನೋಡ್ಕೊಳ್ಳೋ ಸೆಬಿ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳಿಗೆ ಆ ವರದಿ ಕಡ್ಡಾಯ ಮಾಡಿದೆ, ಎಸಿ ರೂಮಿನ ಕೆಲಸ, ಆದ್ರೆ ನನ್ನ ಕೇಳಿದ್ರೆ ಒಂದೆರಡು ವರ್ಷ ಪ್ಲಾಂಟ್ ನೋಡದೆ ಅಲ್ಲಿಗೆ ಹೋದೋರು ಬರೀ ಎಕ್ಸೆಲ್ ತುಂಬ್ತಾರೆ. ಎಂಟೆಕ್ ಆಸೆ ಇದ್ರೆ 2021ರಿಂದ ಗೇಟ್ ಪ್ರವೇಶ ಪರೀಕ್ಷೇಲಿ ಎನ್ವಿರಾನ್‌ಮೆಂಟಲ್‌ಗೆ ಅಂತಾನೇ ಪೇಪರ್ ಇದೆ, ಮುಂಚಿನ ಥರ ಸಿವಿಲ್ ಪೇಪರ್ ಜೊತೆ ಗುದ್ದಾಡಬೇಕಿಲ್ಲ.

ಜಾವಾ ಬೇಡ ಅಂತ ನಾನು ಹೇಳ್ಲಿಲ್ಲ. ಈ ಸೆಮಿಸ್ಟರ್ ಮುಗಿಯೋವರೆಗೂ ತಡಿ, ಅಷ್ಟರಲ್ಲಿ ಎರಡು ಕೆಲಸ ಮಾಡು ಅಂದೆ. ಒಂದು, ಶನಿವಾರ ಶನಿವಾರ ಯಾವ್ದಾದ್ರೂ ಎಸ್‌ಟಿಪಿಗೆ ಹೋಗಿ ಆಪರೇಟರ್ ಪಕ್ಕ ನಿಲ್ಲು. ಎರಡು, ಇಪಾನೆಟ್ ಇಳಿಸ್ಕೊಂಡು (ಫ್ರೀ ಸಾಫ್ಟ್‌ವೇರು, ನೀರಿನ ಪೈಪ್‌ಲೈನ್ ಲೆಕ್ಕ ಹಾಕುತ್ತೆ) ನಿಮ್ಮಪ್ಪ ನೀರು ಬಿಡೋ ಲೈನ್‌ನ ಅದರಲ್ಲಿ ಕೂರಿಸು, ನಕ್ಷೆ ಅವರ ತಲೇಲಿದೆ.

ಎರಡು ತಿಂಗಳು ಸುದ್ದಿ ಇಲ್ಲ. ಆಮೇಲೆ ಇಬ್ಬರೂ ಬಂದ್ರು. ಎಸ್‌ಟಿಪಿಲಿ ಒಂದು ಲೀಟರ್ ಸಿಲಿಂಡರಿಗೆ ಏರೇಶನ್ ಟ್ಯಾಂಕಿನ (ಗಾಳಿ ಊದೋ ತೊಟ್ಟಿ) ನೀರು ತುಂಬಿ ಅರ್ಧ ಗಂಟೆ ಬಿಟ್ಟು ಕೆಸರು ಎಷ್ಟಕ್ಕೆ ಕೂತಿದೆ ನೋಡೋದನ್ನ ಕಲ್ತಿದ್ಲು, ಫೋಟೋ ತೋರಿಸಿದ್ಲು, ಆದ್ರೆ ಹುಕಿ ಇದ್ದಿದ್ದು ಇನ್ನೊಂದರಲ್ಲಿ. ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಅಪ್ಪ ಪೆನ್ಸಿಲಲ್ಲಿ ಟ್ಯಾಂಕು, ವಾಲ್ವು, ಬೀದಿ ಎಲ್ಲಾ ಗೀಚಿದ್ರು, ಉದ್ದ ಹೆಜ್ಜೆ ಲೆಕ್ಕದಲ್ಲಿ. ಕೊನೇ ಬೀದೀಲಿ 40 ಮನೆ, ಮನೆಗೆ ಐದು ಜನ, ತಲೆಗೆ ಜಲ ಜೀವನ್ ಮಿಷನ್ನಿನ 55 ಲೀಟರ್, ದಿನಕ್ಕೆ 11,000 ಲೀಟರ್ ಹೋಗಬೇಕು. ಮಾಡೆಲ್ ರನ್ ಮಾಡಿದ್ರೆ ಆ ಬೀದಿ ಕೆಂಪಗೆ, ಪ್ರೆಶರ್ರೇ ಇಲ್ಲ. ಮೈನ್ ಲೈನ್ ನಾಲ್ಕಿಂಚು, ಅಲ್ಲಿ ಎರಡಿಂಚಿಗೆ ಇಳಿಸಿದಾರೆ. ವ್ಯಾಸ ಅರ್ಧ ಆದ್ರೆ ಅಷ್ಟೇ ನೀರಿಗೆ ಘರ್ಷಣೆ ನಷ್ಟ ಹತ್ರ ಹತ್ರ ಮೂವತ್ತು ಪಟ್ಟು ಮೇಡಂ ಅಂತ ಕೈ ಆಡಿಸ್ಕೊಂಡು ನನಗೆ ಪಾಠ ಮಾಡಿದ್ಲು.

ಅಪ್ಪ ಲ್ಯಾಪ್‌ಟಾಪ್ ಕಡೆ ಬಗ್ಗಿ ಆ ಕೆಂಪು ಗೆರೆ ನೋಡಿದ್ರು.

"ಪೈಪ್ ಹೂಳೋ ದಿನಾನೇ ನಾನಿದನ್ನ ಕಂಟ್ರಾಕ್ಟರಿಗೆ ಹೇಳಿದ್ದೆ. ಇದನ್ನ ಪ್ರಿಂಟ್ ಹಾಕ್ಕೊಡಮ್ಮ, ಗ್ರಾಮಸಭೆಗೆ ತಗೊಂಡ್ ಹೋಗ್ತೀನಿ."