ಜೇನು ಕೃಷಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ತೋಟದಲ್ಲಿ ಎರಡು ತುಡುವೆ ಜೇನಿನ ಪೆಟ್ಟಿಗೆಗಳಿವೆ. ಒಂದರಲ್ಲಿ ರಾಣಿ ಕಾಣುತ್ತಿಲ್ಲ, ನೊಣಗಳು ಗುಂಯ್‌ಗುಡುತ್ತ ಎರಿಯ (ಕಣಗಳಿರುವ ಮೇಣದ ಹಲಗೆಯ) ಮೇಲೆಲ್ಲ ಓಡಾಡುತ್ತಿವೆ. ಮಳೆಗಾಲ ಹತ್ತಿರ ಬಂತು. ಹೊಸ ರಾಣಿ ತಾನಾಗಿಯೇ ಆಗುತ್ತದೆಯೇ?
– ಓದುಗರೊಬ್ಬರು, ಹಿರಿಯಡ್ಕ

ಉತ್ತರ: ರಾಣಿಯನ್ನು ಹುಡುಕುತ್ತ ಕೂರಬೇಡಿ, ಮೊಟ್ಟೆ ಹುಡುಕಿ. ಬಿಸಿಲಿಗೆ ಬೆನ್ನು ಹಾಕಿ ಎರಿಯನ್ನು ಓರೆಯಾಗಿ ಹಿಡಿದರೆ ಕಣದ ತಳದಲ್ಲಿ ಬಿಳಿ ನೂಲಿನ ಚೂರಿನಂಥ ಮೊಟ್ಟೆ ಕಾಣುತ್ತದೆ. ಮೊಟ್ಟೆ ಒಡೆಯಲು 3 ದಿನ ಸಾಕು. ಕಣಕ್ಕೊಂದರಂತೆ ಮೊಟ್ಟೆ ಇದ್ದರೆ ಮೂರು ದಿನದ ಹಿಂದಿನವರೆಗಂತೂ ರಾಣಿ ಇತ್ತು ಎಂದರ್ಥ.

ರಾಣಿಯ ಮೈಯ ವಾಸನೆ ನಿಂತ ಕೆಲವೇ ಗಂಟೆಗಳಲ್ಲಿ ಕುಟುಂಬಕ್ಕೆ ವಿಷಯ ತಿಳಿಯುತ್ತದೆ. ನೀವು ನೋಡಿದ ಓಡಾಟ ಅದೇ ಇರಬಹುದು. ಆಮೇಲೆ ಕೆಲಸಗಾರ ನೊಣಗಳು ಎಳೆಯ ಮರಿಗಳಲ್ಲಿ ಕೆಲವನ್ನು ಆರಿಸಿ, ಅವುಗಳ ಕಣವನ್ನು ಕೆಳಮುಖವಾಗಿ ಉದ್ದ ಮಾಡಿ ರಾಣಿ ಕೋಶ ಕಟ್ಟುತ್ತವೆ. ಇಂಥ ಕೋಶ ಸಾಮಾನ್ಯವಾಗಿ ಎರಿಯ ನಡುಭಾಗದಲ್ಲಿರುತ್ತದೆ. ಎರಿಯ ಕೆಳ ಅಂಚಿನಲ್ಲಿ ಸಾಲಾಗಿದ್ದರೆ ಅದು ಕುಟುಂಬ ಒಡೆದು ಪಾಲಾಗುವ ತಯಾರಿ. ಸುಮಾರು 12 ದಿನಕ್ಕೆ ಹೊಸ ರಾಣಿ ಹೊರಬರುತ್ತದೆ. ಅದು ಹಾರಿ, ಗಂಡು ನೊಣಗಳೊಂದಿಗೆ ಕೂಡಿ, ಮೊಟ್ಟೆ ಇಡಲು ಇನ್ನೂ ಹತ್ತು ಹನ್ನೆರಡು ದಿನ ಬೇಕು. ಬಾಗಿಲಿಗೆ ರಾಣಿ ತಡೆ (ರಾಣಿ ಹೊರಹೋಗದಂತೆ ಹಾಕುವ ಸಣ್ಣ ಕಂಡಿಯ ತಡೆ) ಹಾಕಿದ್ದರೆ ಆಗ ತೆಗೆದಿಡಿ. ಅದನ್ನು ಮರೆತರೆ ರಾಣಿ ಒಳಗೇ ಉಳಿದು, ಬರೇ ಗಂಡು ಮೊಟ್ಟೆ ಇಡುತ್ತದೆ.

ಕರಾವಳಿಯ ತೊಡಕು ಇರುವುದೇ ಇಲ್ಲಿ. ಮಳೆ ಹಿಡಿದರೆ ಗಂಡು ನೊಣಗಳೂ ಕಮ್ಮಿ, ಹಾರಾಟಕ್ಕೆ ಹೊಳವೂ ಇಲ್ಲ. ಇನ್ನೂ ನಾಲ್ಕು ವಾರ ಬಿಸಿಲಿದ್ದರೆ ಮಾತ್ರ ಕಾಯಿರಿ. ಆ ಪೆಟ್ಟಿಗೆಯಲ್ಲಿ ಮೊಟ್ಟೆ ಇಲ್ಲದಿದ್ದರೆ ಇನ್ನೊಂದರಿಂದ ಮೊಟ್ಟೆ ಇರುವ ಒಂದು ಎರಿ ಕೊಡಿ. ಕೊಡುವ ಮೊದಲು ನೊಣಗಳನ್ನು ಮೆಲ್ಲನೆ ಸವರಿಬಿಡಿ, ಇಲ್ಲದಿದ್ದರೆ ಅಲ್ಲಿನ ರಾಣಿಯೂ ಅದರೊಂದಿಗೆ ಬಂದೀತು.

ಮಳೆ ಶುರುವಾಗಿದ್ದರೆ ಎರಡನ್ನೂ ಸೇರಿಸುವುದೇ ಲೇಸು. ರಾಣಿಯಿಲ್ಲದ ಪೆಟ್ಟಿಗೆಯ ರಾಣಿ ಕೋಶಗಳನ್ನೆಲ್ಲ ಚಿವುಟಿ ತೆಗೆಯಿರಿ. ಮುಸ್ಸಂಜೆ ಹೊತ್ತಿಗೆ, ರಾಣಿಯಿರುವ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದೇ ಹಾಳೆ ಪೇಪರ್ ಹಾಸಿ, ಗುಂಡುಸೂಜಿಯಿಂದ ನಾಲ್ಕಾರು ತೂತು ಮಾಡಿ, ಮೇಲೆ ರಾಣಿಯಿಲ್ಲದ ಸಂಸಾರ ಕೋಣೆಯನ್ನು (ಮೊಟ್ಟೆ, ಮರಿಗಳ ಎರಿ ಇರುವ ಭಾಗವನ್ನು) ತಳಹಲಗೆ ಬಿಟ್ಟು ಇಡಿ. ನೊಣಗಳು ಎರಡು ಮೂರು ದಿನದಲ್ಲಿ ಪೇಪರ್ ಕಡಿಯುವಷ್ಟರಲ್ಲಿ ವಾಸನೆ ಬೆರೆತು ಜಗಳ ತಪ್ಪುತ್ತದೆ.

ಪ್ರಶ್ನೆ: ನಮ್ಮ ಪೆಟ್ಟಿಗೆಯಲ್ಲಿ ಒಂದೇ ಕಣಕ್ಕೆ ಎರಡು ಮೂರು ಮೊಟ್ಟೆ ಇದೆ. ರಾಣಿ ಒಳ್ಳೆಯದೆಂದೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಹೊಸ ರಾಣಿ ಕೂಡ ಮೊದಮೊದಲು ಹಾಗೆ ಇಡುವುದುಂಟು, ಆದರೆ ಕಣದ ತಳಕ್ಕೇ ಇಡುತ್ತದೆ. ಮೊಟ್ಟೆ ಗೋಡೆಗೂ ಅಂಟಿದ್ದರೆ ಕೆಲಸಗಾರ ನೊಣಗಳೇ ಇಡುತ್ತಿವೆ. ಅವುಗಳ ಹೊಟ್ಟೆ ತಳ ಮುಟ್ಟುವುದಿಲ್ಲ. ರಾಣಿ ಹೋದ ತುಡುವೆಯಲ್ಲಿ ಇದು ಬೇಗ ಶುರುವಾಗುತ್ತದೆ. ಮರಿಗಳೆಲ್ಲ ಗಂಡೇ ಆಗುತ್ತವೆ. ಮುಚ್ಚಿದ ಕಣಗಳು ಉಬ್ಬಿ, ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಅನುಮಾನವೇ ಬೇಡ. ಈಗ ರಾಣಿ ತಂದುಬಿಟ್ಟರೆ ಕೊಂದೇಬಿಡುತ್ತವೆ, ದುಡ್ಡು ದಂಡ. ಬಿಸಿಲಿರುವ ದಿನ, ಬಲವಾದ ಇನ್ನೊಂದು ಪೆಟ್ಟಿಗೆಯಿಂದ ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ನೊಣಗಳನ್ನು ನೆಲಕ್ಕೆ ಕೊಡವಿ, ಖಾಲಿ ಪೆಟ್ಟಿಗೆಯನ್ನು ಅಲ್ಲಿಂದ ಎತ್ತಿಬಿಡಿ. ಹೆಚ್ಚಿನವು ಆ ಬಲವಾದ ಪೆಟ್ಟಿಗೆಗೆ ಸೇರಿಕೊಳ್ಳುತ್ತವೆ. ಉಳಿದ ಎರಿಗಳನ್ನು ಹಾಗೇ ಬಿಟ್ಟರೆ ಮೇಣದ ಚಿಟ್ಟೆಯ ಹುಳ ಬೀಳುತ್ತದೆ, ಅಂದೇ ಕರಗಿಸಿ.