ಓದುಗರ ಪ್ರಶ್ನೆ: ಪ್ಯಾಡಲ್‌ಬೋರ್ಡ್ ಮೇಲೆ ಗಾಳದ ಸಾಮಾನು

ಪ್ರಶ್ನೆ: ಗಾಳಿ ತುಂಬುವ, ಹತ್ತೂವರೆ ಅಡಿ ಉದ್ದದ ಸ್ಟ್ಯಾಂಡ್ ಅಪ್ ಪ್ಯಾಡಲ್‌ಬೋರ್ಡ್ (ನಿಂತು ಹುಟ್ಟು ಹಾಕುವ ಹಲಗೆ) ಕೊಂಡಿದ್ದೇನೆ. ಮಿತಿ 130 ಕೆಜಿ ಎಂದು ಬರೆದಿದೆ. ನನ್ನ ತೂಕ 72 ಕೆಜಿ. ಎರಡು ರಾಡ್, ಐಸ್‌ಬಾಕ್ಸ್, ಗಾಳದ ಪೆಟ್ಟಿಗೆ, ಲಂಗರು ಇಷ್ಟನ್ನೂ ಹೇರಿಕೊಂಡು ನಿಂತು ಗಾಳ ಹಾಕಬಹುದೇ? ಯಾವುದನ್ನು ಎಲ್ಲಿಡಬೇಕು?
– ಓದುಗರು, ಯಲಹಂಕ

ಉತ್ತರ: 130 ಕೆಜಿ ಹೇರಿದರೂ ಬೋರ್ಡ್ ತೇಲುತ್ತದೆ, ಆದರೆ ಅದರ ಮೇಲೆ ನೆಟ್ಟಗೆ ನಿಲ್ಲಲಾಗದು. ನಿಂತು ಗಾಳ ಹಾಕುವವರು ಮಿತಿಯ ಮೂರನೇ ಎರಡು ಪಾಲಿಗೆ ನಿಲ್ಲಿಸಬೇಕು, ಅಂದರೆ ಸುಮಾರು 86 ಕೆಜಿ. ನಿಮ್ಮ ತೂಕ ಕಳೆದರೆ ಉಳಿಯುವುದು 14. ಲೈಫ್ ಜಾಕೆಟ್, ಕುಡಿಯುವ ನೀರು, ನೆನೆದ ಹಗ್ಗ, ಹಿಡಿದ ಮೀನು ಎಲ್ಲವೂ ಅದರೊಳಗೇ ಬರಬೇಕು. ಮೊದಲು ಕಡಿಮೆ ಮಾಡಬೇಕಾದದ್ದು ಐಸ್. ಒಂದೊಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಕರಗಿದ ಮೇಲೆ ಅದೇ ಕುಡಿಯುವ ನೀರು.

ಬೋರ್ಡಿನ ನಡುವೆ ಇರುವ ಹಿಡಿಯ ಎರಡು ಪಕ್ಕ ನಿಮ್ಮ ಪಾದಗಳ ಜಾಗ. ಅಲ್ಲಿ ಒಂದು ಚಿಮಟವನ್ನೂ ಇಡಬೇಡಿ. ಮೀನು ಕಚ್ಚಿದಾಗ ಕಾಲು ಹಿಂದೆ ಮುಂದೆ ಸರಿಯುತ್ತದೆ, ಎಡವಿದರೆ ನೇರ ನೀರಿಗೆ. ಐಸ್‌ಬಾಕ್ಸ್ ಹಿಮ್ಮಡಿಯ ಹಿಂದೆ ಒಂದಡಿ ಬಿಟ್ಟು ಇರಲಿ, ದಣಿದಾಗ ಕೂರಲೂ ಆಗುತ್ತದೆ. ಅದರ ಹಿಂದೆ ಗಾಳದ ಪೆಟ್ಟಿಗೆ ಇಟ್ಟ ಕ್ರೇಟ್ (ಜಾಲರಿ ಬುಟ್ಟಿ). ಮುಂದಿನ ಎಲಾಸ್ಟಿಕ್ ಬಲೆಯ ಕೆಳಗೆ ಹಗುರವಾದ ಡ್ರೈಬ್ಯಾಗ್ (ನೀರು ಒಳಹೋಗದ ಚೀಲ) ಮಾತ್ರ. ಹೇರಿದ ಮೇಲೆ ನೀವು ಬೋರ್ಡ್ ಮೇಲೆ ನಿಂತು, ದಡದಲ್ಲಿರುವವರಿಗೆ ಪಕ್ಕದಿಂದ ನೋಡಲು ಹೇಳಿ. ಬಾಲ ಮುಳುಗಿ ಮೂತಿ ಎದ್ದಿದ್ದರೆ ಗಾಳಿ ಮೂತಿಯನ್ನು ತಳ್ಳಿ ದಿಕ್ಕು ತಪ್ಪಿಸುತ್ತದೆ. ಮೂತಿ ಮುಳುಗಿದ್ದರೆ ಅಲೆ ಮೇಲೇರುತ್ತದೆ. ಎರಡಕ್ಕೂ ಪರಿಹಾರ ಕ್ರೇಟನ್ನು ಅರ್ಧರ್ಧ ಅಡಿ ಸರಿಸಿ ನೋಡುವುದೇ.

ಪ್ರಶ್ನೆ: ಬೈಕಿಗೆ ಸಾಮಾನು ಕಟ್ಟುವ ಹುಕ್ ಹಗ್ಗದಿಂದ ಕ್ರೇಟ್ ಕಟ್ಟಿದ್ದೆ. ಬೋರ್ಡ್ ಮಗುಚಿದಾಗ ಅರ್ಧ ಸಾಮಾನು ಕೆರೆಯ ತಳ ಸೇರಿತು. ಏನು ಮಾಡಬೇಕಿತ್ತು?
– ಓದುಗರು, ಕೆಂಗೇರಿ

ಉತ್ತರ: ಆ ಹಗ್ಗ ಹಿಗ್ಗುತ್ತದೆ, ಬೋರ್ಡ್ ಓರೆಯಾದೊಡನೆ ಹುಕ್ ರಿಂಗಿನಿಂದ ಕಳಚಿಕೊಳ್ಳುತ್ತದೆ. ಬಕಲ್ ಇರುವ, 25 ಮಿಮೀ ಅಗಲದ, ಹಿಗ್ಗದ ಪಟ್ಟಿ ಎರಡು ಬೇಕು. ಕ್ರೇಟಿನ ತಳದ ಜಾಲರಿಯೊಳಗಿಂದ ತೂರಿಸಿ, ಬೋರ್ಡಿಗೆ ಅಂಟಿಸಿದ ನಾಲ್ಕು ಮೂಲೆಯ ಡಿ-ರಿಂಗುಗಳಿಗೆ (ಡಿ ಆಕಾರದ ಕೊಂಡಿಗಳಿಗೆ) ಅಡ್ಡಡ್ಡ ಬಿಗಿಯಿರಿ. ಮೇಲಿನ ಅಂಚಿಗೆ ಮಾತ್ರ ಕಟ್ಟಿದರೆ ಕ್ರೇಟ್ ವಾಲುತ್ತದೆ. ಡಿ-ರಿಂಗ್ ಸಾಲದಿದ್ದರೆ ಪಿವಿಸಿ ಗೋಂದಿನಿಂದ ಅಂಟಿಸಬಹುದು. ಗೋಂದಿನ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಪೂರ್ತಿ ಒಣಗಲು ಬಿಡಿ. ಅವಸರದಲ್ಲಿ ಅಂಟಿಸಿದ ರಿಂಗ್ ಭಾರ ಬಿದ್ದಾಗಲೇ ಕಿತ್ತು ಬರುವುದು.

ಕ್ರೇಟ್ ಕಟ್ಟಿದ ಮಾತ್ರಕ್ಕೆ ಒಳಗಿನದು ಉಳಿಯುವುದಿಲ್ಲ, ಅದಕ್ಕೆ ಬಲೆಯ ಮುಚ್ಚಳ ಬೇಕು. ರಾಡ್ ನಿಲ್ಲಿಸಲು 40 ಮಿಮೀ ಪಿವಿಸಿ ಪೈಪಿನ ಒಂದಡಿ ತುಂಡುಗಳನ್ನು ಕ್ರೇಟಿನ ಹಿಂಬದಿಗೆ ಕೇಬಲ್ ಟೈಯಿಂದ ಕಟ್ಟಿ, ತುದಿ ಹಿಂದಕ್ಕೆ ವಾಲಿರಲಿ. ಪ್ರತಿ ರಾಡಿಗೂ ಇಕ್ಕಳಕ್ಕೂ ಒಂದೊಂದು ದಾರ. ಫೋನು, ಕೀಲಿ ಡ್ರೈಬ್ಯಾಗಿನಲ್ಲಿ, ಸ್ವಲ್ಪ ಗಾಳಿ ಉಳಿಸಿ ಮಡಚಿದರೆ ಅದು ತೇಲುತ್ತದೆ. ಬಿಡಿ ಗಾಳಗಳು ಮುಚ್ಚಳದ ಡಬ್ಬಿಯಲ್ಲೇ ಇರಲಿ, ರಾಡಿಗೆ ಕಟ್ಟಿದ ಗಾಳದ ಮೊನೆಗೆ ಕಾರ್ಕ್ ಚುಚ್ಚಿಡಿ.

ಇಷ್ಟಾದ ಮೇಲೆ ಸೊಂಟದ ಮಟ್ಟದ ನೀರಿನಲ್ಲಿ, ರಾಡ್ ಮತ್ತು ಗಾಳಗಳನ್ನು ದಡದಲ್ಲಿಟ್ಟು, ಉಳಿದದ್ದನ್ನು ಕಟ್ಟಿ ಬೋರ್ಡನ್ನು ಬೇಕೆಂದೇ ಮಗುಚಿ. ಬಿದ್ದದ್ದೇನೆಂದು ನೋಡಿ, ಹಿಂದಕ್ಕೆ ತಿರುಗಿಸಿ ಹತ್ತಲೂ ಕಲಿಯಿರಿ. ಕ್ರೇಟ್ ಹೊತ್ತ ಬೋರ್ಡ್ ಬರಿ ಬೋರ್ಡಿನಷ್ಟು ಸುಲಭವಾಗಿ ತಿರುಗುವುದಿಲ್ಲ. ಆಚೆ ಅಂಚಿನ ರಿಂಗಿಗೆ ಒಂದು ತುಂಡು ಪಟ್ಟಿ ಕಟ್ಟಿದ್ದರೆ ಅದನ್ನು ಹಿಡಿದು ಎಳೆಯಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿ, ಕಾರಿನ ಮೇಲೆ ಕಟ್ಟಿಕೊಂಡು ಮಂಗಳೂರಿಗೆ ಹೋದರೆ ಬೋರ್ಡ್ ಮೆತ್ತಗಾಗಿತ್ತು. ತೂತು ಬಿದ್ದಿದೆಯೇ?
– ಓದುಗರು, ಜಯನಗರ

ಉತ್ತರ: ತೂತೇ ಆಗಬೇಕೆಂದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಗೆ ಇಳಿದಾಗ ಹೊರಗಿನ ಗಾಳಿಯ ಒತ್ತಡ ಹೆಚ್ಚುವುದರಿಂದ ಗೇಜಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಬಿಸಿಲಲ್ಲಿ ತುಂಬಿಸಿದ ಬೋರ್ಡನ್ನು ತಣ್ಣನೆ ನೀರಿಗೆ ಇಳಿಸಿದರೂ ಹೀಗೇ. ನೀರಿಗಿಟ್ಟು ಹತ್ತು ನಿಮಿಷ ಬಿಟ್ಟು ಮತ್ತೆ ಪಂಪ್ ಮಾಡಿ. ಸಾಮಾನು ಹೊತ್ತ ಮೆತ್ತನೆ ಬೋರ್ಡ್ ನಡುವೆ ಬಾಗಿ, ನಿಂತಲ್ಲೇ ತೂಗಾಡುತ್ತದೆ. ಅಪಾಯ ಇರುವುದು ವಾಪಸು ಬರುವಾಗ: ಘಟ್ಟ ಹತ್ತಿದಂತೆ ಆ ಒಂದೂವರೆ ಮರಳಿ ಸೇರುತ್ತದೆ, ಬಿಸಿಲು ಇನ್ನೆರಡು ಸೇರಿಸಬಹುದು, ಹೊಲಿಗೆ ಬಿಡುವುದು ಆಗಲೇ. ಹೊರಡುವ ಮುನ್ನ ಗಾಳಿ ಬಿಟ್ಟು ಸುತ್ತಿಬಿಡಿ.

ಪ್ರಶ್ನೆ: ಲಂಗರು ಎಷ್ಟು ತೂಕದ್ದಿರಬೇಕು, ಎಲ್ಲಿಗೆ ಕಟ್ಟಬೇಕು?
– ಓದುಗರು, ಹೊಸಕೋಟೆ

ಉತ್ತರ: ನಿಂತ ನೀರಿಗೆ ಒಂದೂವರೆ ಕೆಜಿಯ ಮಡಚುವ ಲಂಗರು ಸಾಕು. ಹಗ್ಗ ಆಳದ ಮೂರು ಪಟ್ಟು: 4 ಮೀಟರ್ ನೀರಿಗೆ 12 ಮೀಟರ್. ಬಾಲಕ್ಕೋ ಮೂತಿಗೋ ಕಟ್ಟಿ, ಪಕ್ಕಕ್ಕೆ ಮಾತ್ರ ಬೇಡ. ಪಕ್ಕಕ್ಕೆ ಕಟ್ಟಿದರೆ ಗಾಳಿ ಬೋರ್ಡನ್ನು ಅಡ್ಡಕ್ಕೆ ತಳ್ಳುತ್ತದೆ, ಹಗ್ಗ ಅಂಚನ್ನು ಕೆಳಗೆಳೆಯುತ್ತದೆ, ಮಗುಚಲು ಅಷ್ಟು ಸಾಕು. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ, ಲೈಫ್ ಜಾಕೆಟ್ಟಿಗೆ ಚಾಕು ಸಿಕ್ಕಿಸಿಕೊಳ್ಳಿ. ನಮ್ಮ ಕೆಲವು ಕೆರೆಯಂಗಳದಲ್ಲಿ ಜಾಲಿ ಗಿಡಗಳಿದ್ದು, ಮಳೆಗಾಲದಲ್ಲಿ ಅವು ನೀರಿನಡಿ ಮುಚ್ಚಿಹೋಗುತ್ತವೆ. ಲಂಗರು ಅಲ್ಲಿ ಸಿಕ್ಕಿಕೊಂಡರೆ ಜಗ್ಗಾಡದೆ ಹಗ್ಗ ಕತ್ತರಿಸಿಬಿಡಿ. ಹರಿಯುವ ನೀರಿನಲ್ಲಿ ಲಂಗರು ಹಾಕಲೇಬೇಡಿ. ಅಲ್ಲಿ ಕಾಲಿನ ಲೀಶ್ (ನಿಮ್ಮನ್ನು ಬೋರ್ಡಿಗೆ ಜೋಡಿಸುವ ಹಗ್ಗ) ಕೂಡ ಬೇಡ, ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಜೋರು. ಹೋಗುವಾಗ ಅದಕ್ಕೆದುರಾಗಿ ಹುಟ್ಟು ಹಾಕಿ, ದಣಿದು ಮರಳುವಾಗ ಅದು ಬೆನ್ನಿಗಿರುತ್ತದೆ. ಹೊರಡುವ ಮೊದಲು ಒಂದು ಕೆಲಸ: ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಪಡೆದ ಸಹಕಾರ ಸಂಘದ ಕೈಯಲ್ಲಿರುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.